ಛಲ ಬೇರೆ, ಚೇತರಿಕೆ ಬೇರೆ: ವಿದ್ಯಾರ್ಥಿಗಳಿಗೆ ಎರಡೂ ಯಾಕೆ ಬೇಕು?

ನಾನು ಇಂಜಿನಿಯರಿಂಗ್ ಓದುವಾಗ ಬ್ಯಾಕ್ ಉಳಿದವರಿಗೆಲ್ಲ ಸಿಗ್ತಿದ್ದ ಉಪದೇಶ ಒಂದೇ: ‘ಛಲ ಬೇಕಪ್ಪಾ, ಛಲ!’ ಆ ಮಾತಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ ಅಂತ ಗೊತ್ತಾಗಿದ್ದು ಆಮೇಲೆ.

ಗ್ರಿಟ್ ಎಂದರೇನು?
ಅಮೆರಿಕದ ಮನಶ್ಶಾಸ್ತ್ರಜ್ಞೆ ಏಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು 2007ರಲ್ಲಿ ಕೊಟ್ಟ ವಿವರಣೆಯಲ್ಲಿ ಎರಡು ಅಂಶಗಳಿವೆ: ದೂರದ ಗುರಿಯ ಮೇಲೆ ಬದಲಾಗದ ಒಲವು, ಅದಕ್ಕಾಗಿ ಬಿಡದ ದುಡಿಮೆ. ನಮ್ಮ ಮಾತಲ್ಲಿ ಛಲ.

ರೆಸಿಲಿಯನ್ಸ್ ಎಂದರೇನು?
ಪೆಟ್ಟು ಬಿದ್ದ ಮೇಲೆ ಚೇತರಿಸಿಕೊಳ್ಳುವುದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ತಂಡ ದಶಕಗಟ್ಟಲೆ ಗಮನಿಸಿತು. ಬಡತನ, ಮನೆಯ ಕಲಹದಂಥ ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಸಮರ್ಥರಾಗಿ ಬೆಳೆದರು. ಅವರ ಬೆನ್ನಿಗೆ ನೆಚ್ಚಬಹುದಾದ ಒಬ್ಬ ಹಿರಿಯರಾದರೂ ಇದ್ದದ್ದು ಒಂದು ಮುಖ್ಯ ಕಾರಣ. ಅಂದರೆ ಚೇತರಿಕೆ ನಮ್ಮೊಳಗಿನ ಗುಣವಷ್ಟೇ ಅಲ್ಲ, ಸುತ್ತಲಿನವರೂ ಕೊಡುವಂಥದ್ದು.

ಎರಡಕ್ಕೂ ಏನು ನಂಟು?
ಒಂದಿದ್ದಲ್ಲಿ ಇನ್ನೊಂದು ಇರುವುದೇ ಹೆಚ್ಚು. ಆದರೆ ಇದರಲ್ಲಿ ಅಳತೆಗೋಲಿನ ಪಾಲೂ ಇದೆ: ಹಿನ್ನಡೆಗೆ ನೀವು ಎದೆಗುಂದುತ್ತೀರಾ ಎಂಬ ಪ್ರಶ್ನೆ ಛಲ ಅಳೆಯುವ ಪಟ್ಟಿಯಲ್ಲೇ ಇದೆ. ಗುರಿ ಬದಲಿಸಿದರೆ ಅದೇ ಪಟ್ಟಿ ಅಂಕ ಕಳೆಯುತ್ತದೆ. ಒಗ್ಗದ ಕೋರ್ಸ್ ಬಿಟ್ಟು ಇನ್ನೊಂದರಲ್ಲಿ ಅರಳಿದ ಹುಡುಗಿಗೆ ಛಲ ಕಡಿಮೆ ಅನ್ನಬಹುದು, ಚೇತರಿಕೆ ಇಲ್ಲ ಅನ್ನೋಕಾಗಲ್ಲ. ನಿದ್ದೆಗೆಟ್ಟು ಐದನೇ ಸಲ ಅದೇ ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಾ ಒಳಗೊಳಗೇ ಕುಸಿಯುತ್ತಿರುವ ಹುಡುಗನದು ಇದರ ಉಲ್ಟಾ ಕತೆ.

ಛಲವೊಂದೇ ಸಾಕಾ?
ಸಾಲದು. ಸುಮಾರು 67 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಮಾರ್ಕಸ್ ಕ್ರೆಡೆ ಮತ್ತು ಸಂಗಡಿಗರು 2017ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಛಲಕ್ಕೂ ಸಾಧನೆಗೂ ಕಂಡದ್ದು ಸಾಧಾರಣ ನಂಟಷ್ಟೇ.

ಇದು ರಾಜಕೀಯದ ಪ್ರಶ್ನೆಯೂ ಹೌದು. ಛಲ ಇಲ್ಲ ಅಂದುಬಿಟ್ಟರೆ ತಪ್ಪೆಲ್ಲ ವಿದ್ಯಾರ್ಥಿಯ ತಲೆಗೆ. ಚೇತರಿಕೆಯ ಲೆಕ್ಕ ಹಾಕಿದರೆ ಹಾಸ್ಟೆಲ್, ಕೌನ್ಸೆಲರ್, ಜಾತಿ ನಿಂದನೆ, ಮರುಪರೀಕ್ಷೆಯ ನಿಯಮ ಎಲ್ಲವೂ ಚರ್ಚೆಗೆ ಬರುತ್ತವೆ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 2025ರ ಮಾರ್ಚ್‌ನಲ್ಲಿ ನ್ಯಾ. ಎಸ್. ರವೀಂದ್ರ ಭಟ್ ಅಧ್ಯಕ್ಷತೆಯಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿದ್ದು, ಇದು ಒಬ್ಬೊಬ್ಬರ ಮನೋಬಲದ ವಿಷಯ ಮಾತ್ರ ಅಲ್ಲ ಅನ್ನುವ ಕಾರಣಕ್ಕೇ.

ಇನ್ನು ಮುಂದೆ ಯಾರಾದರೂ ‘ಛಲ ಬೇಕು’ ಅಂದರೆ ಕೇಳಿ: ಛಲ ನಮ್ಮದು, ಸರಿ. ಸ್ಕಾಲರ್‌ಶಿಪ್ ಯಾವಾಗ ಬರುತ್ತೆ?