ಯಮುನಾಚಲ: ನಮ್ಮ ಬಯಲಿಗೆ ನೀರು ಕೊಡುವ ಗುಡ್ಡ

ಸೊಲ್ಲಾಪುರಕ್ಕೆ ಬೆಟ್ಟವಿಲ್ಲವೆಂಬ ಮಾತು ರೂಢಿಯಲ್ಲಿದೆ. ನಾವು ನೆಲೆಸಿರುವುದು ಸಮುದ್ರಮಟ್ಟದಿಂದ ಸುಮಾರು 460 ಮೀಟರ್ ಎತ್ತರದ ಎರೆಯ ಬಯಲಿನಲ್ಲಿ. ಆದರೆ ನಮ್ಮ ವಿಜಾಪುರ ರಸ್ತೆಯ ಹೆದ್ದಾರಿಯೇ ನಗರವನ್ನು ದಾಟಿ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ಸಾಗಿ ಘಟ್ಟವನ್ನೇರುತ್ತದೆ. ಅಲ್ಲಿ ಸುಮಾರು 650 ಮೀಟರ್ ಎತ್ತರದಲ್ಲಿ ತುಳಜಾಪುರವಿದೆ. ಶ್ರೀ ತುಳಜಾಭವಾನಿಯು ನೆಲೆಸಿರುವ ಈ ಗುಡ್ಡಕ್ಕೆ ಯಮುನಾಚಲವೆಂದು ಹೆಸರು.

ಯಮುನಾಚಲವು ಬಾಲಾಘಾಟ ಶ್ರೇಣಿಯ ಒಂದು ಅಂಗ. ಈ ಶ್ರೇಣಿಯು ಸಹ್ಯಾದ್ರಿಯ ಹರಿಶ್ಚಂದ್ರಗಡದ ಬಳಿ ಕವಲೊಡೆದು ಆಗ್ನೇಯಕ್ಕೆ ಚಾಚಿಕೊಂಡಿದೆ. ‘ಬಾಲಾ’ ಎಂಬುದು ಪಾರಸಿ ಶಬ್ದ, ಮೇಲಿನದು ಎಂದರ್ಥ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಗಟ್ಟಿಗೊಂಡ ಲಾವಾರಸದ ಕಪ್ಪು ಶಿಲೆಯೇ ಇದರ ಒಡಲು. ಆ ಶಿಲೆಯೇ ಸವೆದು ನಮ್ಮ ಜೋಳದ ಹೊಲಗಳ ಎರೆಮಣ್ಣಾಗಿದೆ.

ಎತ್ತರದಲ್ಲಿ ಸಾಧಾರಣವಾದ ಈ ಶ್ರೇಣಿಯು ಎರಡು ಮಹಾನದಿಗಳಿಗೆ ನೀರನ್ನು ಹಂಚುತ್ತದೆ. ಉತ್ತರದ ಇಳಿಜಾರಿನ ನೀರು ತೇರಣಾ, ಮಾಂಜ್ರಾ ನದಿಗಳ ಮೂಲಕ ಬೀದರ ಸೀಮೆಯನ್ನು ಹಾದು ಗೋದಾವರಿಯನ್ನು ಸೇರುತ್ತದೆ. ದಕ್ಷಿಣದ ನೀರನ್ನು ಹೊತ್ತ ಬೋರಿ ನದಿಯು ನಳದುರ್ಗ, ಅಕ್ಕಲಕೋಟ ಸೀಮೆಗಳನ್ನು ದಾಟಿ ಭೀಮೆಯನ್ನು ಕೂಡಿ, ಕೃಷ್ಣೆಯಲ್ಲಿ ಲೀನವಾಗುತ್ತದೆ. ಎರಡೂ ಕಡೆಯ ನೀರು ಕನ್ನಡ ನೆಲವನ್ನು ಸ್ಪರ್ಶಿಸಿಯೇ ಮುಂದೆ ಹೋಗುತ್ತದೆ.

ಈ ನೀರಿನ ಬೆಲೆಯನ್ನು ಅರಿತ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಳ್ವಿಕೆಯಲ್ಲಿ, 1613ರಲ್ಲಿ, ನಳದುರ್ಗದ ಕೋಟೆಯೊಳಗೆ ಬೋರಿ ನದಿಗೆ ಕಲ್ಲಿನ ಅಣೆಕಟ್ಟು ಕಟ್ಟಲಾಯಿತು. ಅದರ ಒಡಲಲ್ಲಿರುವ ಪಾಣಿಮಹಲು ಇಂದಿಗೂ ನಿಂತಿದೆ. 1948ರವರೆಗೆ ತುಳಜಾಪುರ, ನಳದುರ್ಗಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ ಸೊಲ್ಲಾಪುರವು ಮುಂಬಯಿ ಪ್ರಾಂತಕ್ಕೂ ಸೇರಿದ್ದವು. ಅಕ್ಕಲಕೋಟವು ಬೇರೆಯೇ ಸಂಸ್ಥಾನವಾಗಿತ್ತು. 1956ರಲ್ಲಿ ಭಾಷಾವಾರು ಪ್ರಾಂತಗಳ ಗಡಿ ಮೂಡಿತು. ಗಡಿಗಳು ಬದಲಾದರೂ ಬೋರಿಯ ದಾರಿ ಬದಲಾಗಲಿಲ್ಲ. ಶೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಹೋಗುವ ಕನ್ನಡ, ಮರಾಠಿ ಭಕ್ತರ ದಾರಿಯೂ ಬದಲಾಗಲಿಲ್ಲ.

ನಮ್ಮದು ಮಳೆ ಕಡಿಮೆ ಇರುವ ಸೀಮೆ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮೇಲಿನ ಇಳಿಜಾರು ಬೋಳಾದರೆ ಮಣ್ಣು ಕೊಚ್ಚಿ ಬಂದು ಕೆಳಗಿನ ಕೆರೆಗಳು ಹೂಳು ತುಂಬುತ್ತವೆ, ಮಳೆನೀರು ಇಂಗದೆ ಬಾವಿಗಳು ಬತ್ತುತ್ತವೆ. ಭೂಗೋಳದ ಪಾಠದಲ್ಲಿ ಹಿಮಾಲಯವನ್ನು ಗುರುತಿಸುವ ನಮ್ಮ ಮಕ್ಕಳು ತಾವು ಕುಡಿಯುವ ನೀರಿನ ಮೂಲವನ್ನೂ ಗುರುತಿಸಬೇಕು. ತಾಯ್ನುಡಿಯಲ್ಲಿ ಕಲಿತವರು ತಮ್ಮ ನೆಲವನ್ನು ಅರಿಯದಿದ್ದರೆ ಆ ಕಲಿಕೆ ಅಪೂರ್ಣ. ಶಾಲೆಯ ಎರಡನೆಯ ಶತಮಾನದ ನಕಾಶೆ ಪಾಠವು ಈ ಗುಡ್ಡದಿಂದಲೇ ಆರಂಭವಾಗಲೆಂಬುದು ನಮ್ಮ ಆಶಯ.