ವುವುಝೆಲಾ: ದೂರು ಕೊಟ್ಟವರು ಯಾರು, ಕಿವಿ ಕೆಟ್ಟಿದ್ದು ಯಾರದ್ದು?

ಇವತ್ತಿನ ಮಾತು ಒಂದು ಪ್ಲಾಸ್ಟಿಕ್ ಪೀಪಿಯ ಬಗ್ಗೆ. 2010ರ ಫುಟ್‌ಬಾಲ್ ವರ್ಲ್ಡ್ ಕಪ್ ನೋಡಿದವರಿಗೆ ಅದರ ಹೆಸರು ಮರೆತಿರಬಹುದು, ಶಬ್ದ ಮಾತ್ರ ಮರೆತಿರೋದಿಲ್ಲ. ಯಾರೋ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅಂತ ಶುರುವಾದರೆ 90 ನಿಮಿಷವೂ ನಿಲ್ಲುತ್ತಿರಲಿಲ್ಲ. ನಮ್ಮ ಟೈಮ್ ಪ್ರಕಾರ ಕೆಲವು ಮ್ಯಾಚ್ ರಾತ್ರಿ 12 ಗಂಟೆಗೆ. ಮೂರು ಜನ ಸೇರಿ ಬಾಡಿಗೆಗೆ ಹಿಡಿದ ಫ್ಲಾಟ್‌ನಲ್ಲಿ ಟೀವಿ ವಾಲ್ಯೂಮ್ ತಗ್ಗಿಸಿದರೆ ಕಾಮೆಂಟರಿ ಕೇಳೋದಿಲ್ಲ, ಏರಿಸಿದರೆ ಓನರ್ ಬಾಗಿಲು ತಟ್ಟುತ್ತಾರೆ. ಈ ಫಜೀತಿ ನಿಮ್ಮಲ್ಲೂ ಕೆಲವರು ಪಟ್ಟಿರ್ತೀರಿ.

ಆ ವರ್ಷ ಈ ಪೀಪಿಯ ಬಗ್ಗೆ ಪ್ರಪಂಚವೆಲ್ಲ ಜಗಳ ಆಡಿತು. ಬ್ಯಾನ್ ಮಾಡಿ ಅಂದವರಿದ್ದರು, ಇದು ಆಫ್ರಿಕಾದ ಸಂಸ್ಕೃತಿ, ಮುಟ್ಟಬೇಡಿ ಅಂದವರಿದ್ದರು. ಆ ಇಡೀ ಗಲಾಟೆಯಲ್ಲಿ ಒಂದು ವಿಷಯ ಮಾತ್ರ ಯಾರಿಗೂ ಅಷ್ಟಾಗಿ ಬೇಕಾಗಿರಲಿಲ್ಲ. ಅದು ಸ್ಟೇಡಿಯಂ ಒಳಗೆ ಕೂತಿದ್ದ ಮನುಷ್ಯನ ಕಿವಿ.

ಮೊದಲು ವಸ್ತು ನೋಡೋಣ. ಉದ್ದ ಸುಮಾರು 65 ಸೆಂಟಿಮೀಟರ್. ರಂಧ್ರ ಇಲ್ಲ, ಕೀಲಿ ಇಲ್ಲ, ಒಳಗೆ ಸೀಟಿಯೂ ಇಲ್ಲ. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಪೀಪಿಯೊಳಗೆ ಒಂದು ಸಣ್ಣ ನಾಲಿಗೆ ಇರುತ್ತಲ್ಲ, ಅದು ಇದರಲ್ಲಿಲ್ಲ. ಹಾಗಾಗಿ ಇದು ನಮ್ಮ ಕೊಂಬು ಕಹಳೆಯ ಜಾತಿಗೆ ಸೇರಿದ್ದು: ತುಟಿ ಬಿಗಿಹಿಡಿದು, ತುಟಿಯನ್ನೇ ನಡುಗಿಸಿ ಊದಬೇಕು. ಕೊಂಬು ಊದುವವರು ವರ್ಷಗಟ್ಟಲೆ ಕಲಿತು ಅದರಿಂದ ಬೇರೆ ಬೇರೆ ಸ್ವರ ತೆಗೀತಾರೆ. ಇಲ್ಲಿ ಒಂದೇ ಸ್ವರ, ಐದು ನಿಮಿಷದಲ್ಲಿ ಯಾರು ಬೇಕಾದರೂ ಕಲೀಬಹುದು. ಇದು ಇಷ್ಟು ಬೇಗ ಹಬ್ಬಿದ್ದಕ್ಕೆ ಅದೇ ದೊಡ್ಡ ಕಾರಣ ಅನ್ನೋದು ನನ್ನ ಅನಿಸಿಕೆ.

ಇದನ್ನ ಕಂಡುಹಿಡಿದವರು ಯಾರು? ಇಲ್ಲೇ ಮೊದಲ ಜಗಳ. ಕೈಝರ್ ಚೀಫ್ಸ್ ಅನ್ನೋದು ದಕ್ಷಿಣ ಆಫ್ರಿಕಾದ ಬಹಳ ಜನಪ್ರಿಯ ಕ್ಲಬ್. ಅದರ ಕಟ್ಟಾ ಅಭಿಮಾನಿ ಫ್ರೆಡಿ ಮಾಕೆ. ಜನ ಅವರನ್ನ ಕರೆಯೋದು 'ಸದ್ದಾಂ' ಮಾಕೆ ಅಂತ. ಅವರು ಹೇಳೋ ಪ್ರಕಾರ, 1965ರಲ್ಲಿ ಸೈಕಲ್ ಹಾರನ್‌ನ ರಬ್ಬರ್ ಬುಡ್ಡೆ ಕಿತ್ತು ಹಾಕಿ ಬಾಯಿಂದಲೇ ಊದಿದ್ದು ಮೊದಲ ವುವುಝೆಲಾ. ಆಮೇಲೆ ಉದ್ದ ಮಾಡಿಕೊಂಡರು, ಅಲ್ಯೂಮಿನಿಯಂದು. ಅದನ್ನ ಆಯುಧದ ಥರ ಬಳಸಬಹುದು ಅಂತ ಮೈದಾನದೊಳಗೆ ಬಿಡದೆ ಹೋದಾಗ ಪ್ಲಾಸ್ಟಿಕ್ಕಿಗೆ ಬಂದರಂತೆ. ಇನ್ನೊಂದು ಕಡೆ ಶೆಂಬೆ ಪಂಥದ ನಜರೆತ್ ಬ್ಯಾಪ್ಟಿಸ್ಟ್ ಚರ್ಚ್. 1910ರ ಸುಮಾರಿಗೆ ಇಸಾಯ ಶೆಂಬೆ ಸ್ಥಾಪಿಸಿದ ಚರ್ಚ್ ಅದು. ಇದು ನಮ್ಮ ಪ್ರಾರ್ಥನೆಯಲ್ಲಿ, ಯಾತ್ರೆಯಲ್ಲಿ ಊದುವ ಕಹಳೆ, ನೀವು ಕದ್ದು ಆಟದ ಸಾಮಾನು ಮಾಡಿಕೊಂಡಿದ್ದೀರಿ, ಕೋರ್ಟಿಗೆ ಹೋಗ್ತೀವಿ ಅಂತ ಅವರು ಎಚ್ಚರಿಕೆ ಕೊಟ್ಟರು. ಮೂರನೇ ಕತೆಯೂ ಇದೆ: ಹಳ್ಳಿಯವರನ್ನ ಸಭೆಗೆ ಕರೆಯೋಕೆ ಕುಡು ಅನ್ನೋ ಜಿಂಕೆಯ ಕೊಂಬು ಊದ್ತಿದ್ದರು, ಅದರ ವಂಶದ್ದೇ ಇದು ಅಂತ. ಕೇಳೋಕೆ ಚೆನ್ನಾಗಿದೆ, ಟೂರಿಸ್ಟ್‌ಗೆ ಮಾರೋಕೆ ಇನ್ನೂ ಚೆನ್ನಾಗಿದೆ.

ಕಾಗದಪತ್ರದಲ್ಲಿ ಗಟ್ಟಿಯಾಗಿ ಸಿಗೋದು 2001ರ ವಿಷಯ. ಕೇಪ್ ಟೌನ್‌ನ ನೀಲ್ ವಾನ್ ಸ್ಕಾಲ್ಕ್‌ವಿಕ್, ಮಸಿನ್ಸೆಡಾನೆ ಸ್ಪೋರ್ಟ್ ಅನ್ನೋ ಕಂಪನಿ ಮೂಲಕ ಪ್ಲಾಸ್ಟಿಕ್ ವುವುಝೆಲಾವನ್ನ ಅಚ್ಚು ಹಾಕಿ ರಾಶಿ ರಾಶಿ ಮಾಡೋಕೆ ಶುರುಮಾಡಿದರು. ಅಲ್ಲಿಂದ ಅದು ಅಭಿಮಾನಿಯೊಬ್ಬನ ಕೈಕಸುಬು ಆಗಿ ಉಳಿಯಲಿಲ್ಲ. ವರ್ಲ್ಡ್ ಕಪ್ ಹೊತ್ತಿಗೆ ಬಹುಪಾಲು ವುವುಝೆಲಾ ಚೀನಾದ ಫ್ಯಾಕ್ಟರಿಗಳಿಂದಲೇ ಬರ್ತಿತ್ತು. 'ಆಫ್ರಿಕಾದ ಸಂಸ್ಕೃತಿ' ಅಂತ ಎದೆ ತಟ್ಟಿಕೊಂಡವರು ಇದನ್ನ ಜೋರಾಗಿ ಹೇಳ್ತಿರಲಿಲ್ಲ.

ಹಾಗಂತ ಅಲ್ಲಿನವರ ಅಭಿಮಾನ ಸುಳ್ಳಲ್ಲ. ವರ್ಣಭೇದದ ಕಾಲದಲ್ಲಿ ರಗ್ಬಿ, ಕ್ರಿಕೆಟ್ ಬಿಳಿಯರ ಆಟ, ಫುಟ್‌ಬಾಲ್ ಕರಿಯರ ಆಟ ಅನ್ನೋ ಹಾಗಿತ್ತು. ವರ್ಣಭೇದ ನೀತಿಯ ಕಾರಣಕ್ಕೆ ಫಿಫಾ 1976ರಲ್ಲಿ ದಕ್ಷಿಣ ಆಫ್ರಿಕಾವನ್ನ ಹೊರಗೆ ಹಾಕಿತ್ತು, ವಾಪಸ್ ಸೇರಿಸಿಕೊಂಡಿದ್ದು 1992ರಲ್ಲಿ. ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿ ಸ್ಟೇಡಿಯಂ ಇದೆಯಲ್ಲ, 1990ರ ಫೆಬ್ರವರಿಯಲ್ಲಿ ಜೈಲಿಂದ ಬಿಡುಗಡೆಯಾದ ಮಂಡೇಲಾ ಎರಡೇ ದಿನಕ್ಕೆ ಆ ಮೈದಾನದಲ್ಲಿ ಜನರನ್ನ ಉದ್ದೇಶಿಸಿ ಮಾತಾಡಿದ್ದರು. 20 ವರ್ಷ ಆದಮೇಲೆ, 2010ರ ಜೂನ್ 11ಕ್ಕೆ, ಆಫ್ರಿಕಾ ಖಂಡದ ಮೊದಲ ವರ್ಲ್ಡ್ ಕಪ್‌ನ ಮೊದಲ ಮ್ಯಾಚ್ ಅಲ್ಲೇ. ಮೆಕ್ಸಿಕೋ ವಿರುದ್ಧ 55ನೇ ನಿಮಿಷದಲ್ಲಿ ಚಬಲಾಲ ಎಡಗಾಲಲ್ಲಿ ಹೊಡೆದ ಗೋಲ್‌ಗೆ ಸುಮಾರು 84 ಸಾವಿರ ಜನರಿದ್ದ ಆ ಸ್ಟೇಡಿಯಂ ಊದಿದ್ದನ್ನ ಬರೀ ಗದ್ದಲ ಅಂತ ಕರೆಯೋಕೆ ನನಗಂತೂ ಮನಸ್ಸು ಬರೋದಿಲ್ಲ.

ಜಗಳ ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮುಂಚೆ, 2009ರ ಕಾನ್ಫೆಡರೇಶನ್ಸ್ ಕಪ್‌ನಲ್ಲಿ. ಸ್ಪೇನ್‌ನ ಶಾಬಿ ಅಲೋನ್ಸೊ ಇದನ್ನ ಬ್ಯಾನ್ ಮಾಡಬೇಕು, ಏಕಾಗ್ರತೆ ಸಿಗೋದಿಲ್ಲ ಅಂದರು. ಟೀವಿ ಕಂಪನಿಗಳೂ ದನಿಗೂಡಿಸಿದವು. ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಒಪ್ಪಲಿಲ್ಲ. ಆಫ್ರಿಕಾದ ವರ್ಲ್ಡ್ ಕಪ್ಪನ್ನ ಯುರೋಪಿನದ್ದಾಗಿ ಮಾಡೋದು ಬೇಡ ಅನ್ನೋದು ಅವರ ವಾದ. ಮರುವರ್ಷ ಫ್ರಾನ್ಸ್‌ನ ಪ್ಯಾಟ್ರಿಸ್ ಎವ್ರಾ ಬೆಳಗ್ಗೆ 6ಕ್ಕೇ ಊದೋಕೆ ಶುರುಮಾಡ್ತಾರೆ, ನಿದ್ದೆ ಇಲ್ಲ ಅಂದರು. ಮೆಸ್ಸಿ ಮೈದಾನದಲ್ಲಿ ಪಕ್ಕದವನ ಮಾತೇ ಕೇಳೋದಿಲ್ಲ ಅಂದರು. ಬಿಬಿಸಿಗೆ ನೂರಾರು ದೂರು ಬಂದವು. ಯೂಟ್ಯೂಬ್ ಮಾತ್ರ ತಮಾಷೆಗೆ ಇಳಿದು ವಿಡಿಯೋ ಪ್ಲೇಯರ್‌ನಲ್ಲೇ ಒಂದು ವುವುಝೆಲಾ ಬಟನ್ ಇಟ್ಟಿತು.

ಈಗ ಶಬ್ದ ತೆಗೆಯೋ ಕತೆ. ನಮ್ಮಲ್ಲಿ ಅರ್ಧ ಜನ ದಿನಾ ಹೆಡ್‌ಫೋನ್ ಹಾಕ್ಕೊಂಡು ಕಾಲ್‌ನಲ್ಲಿ ಕೂರೋರು, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ವುವುಝೆಲಾದ ಮೂಲ ಸ್ವರ ಸುಮಾರು 235 ಹರ್ಟ್ಸ್. ಅದರ ಜೊತೆಗೆ ಅದರ ಗುಣಕಗಳೂ ಕೇಳುತ್ತವೆ: 470, 705, 940, ಹೀಗೆ ಮೇಲಕ್ಕೆ. ಸ್ವರ ಒಂದೇ ಆಗಿರೋದರಿಂದ ಉಪಾಯ ಸುಲಭ ಅನಿಸುತ್ತೆ: ಈಕ್ವಲೈಜರ್ ತೆಗೆದು ಆ ಜಾಗಗಳಲ್ಲಿ ಮಾತ್ರ ಕಿರಿದಾದ ಕತ್ತರಿ ಹಾಕಿ. ಇಂಜಿನಿಯರ್‌ಗಳು ನಾಚ್ ಫಿಲ್ಟರ್ ಅನ್ನೋದು ಇದನ್ನೇ. ಟೂರ್ನಿ ಶುರುವಾಗಿ ಕೆಲವೇ ದಿನಕ್ಕೆ ಜರ್ಮನಿಯ ಹವ್ಯಾಸಿಗಳು ಇದನ್ನ ಮಾಡಿ ತೋರಿಸಿದರು. ಲಂಡನ್‌ನ ಕ್ವೀನ್ ಮೇರಿ ಯೂನಿವರ್ಸಿಟಿಯವರೂ ಒಂದು ಫಿಲ್ಟರ್ ಬರೆದು ಬಿಟ್ಟರು.

ತೊಂದರೆ ಏನಪ್ಪ ಅಂದರೆ, ಇದು ಅಕ್ಕಿಯಲ್ಲಿ ಕಲ್ಲು ಆರಿಸೋ ಕೆಲಸ, ಕಲ್ಲೂ ಅಕ್ಕಿಯ ಬಣ್ಣದ್ದೇ. ಮನುಷ್ಯನ ಮಾತು ಅರ್ಥವಾಗೋಕೆ ಮುಖ್ಯವಾಗಿ ಬೇಕಾದ್ದು 300ರಿಂದ 3000 ಹರ್ಟ್ಸ್ ನಡುವಿನ ಶಬ್ದ. ವುವುಝೆಲಾದ ಗುಣಕಗಳೂ ಅದೇ ಜಾಗದಲ್ಲಿ ಬಂದು ಕೂರುತ್ತವೆ. ಕಡಿಮೆ ಕತ್ತರಿಸಿದರೆ ಗುಂಯ್ ಉಳಿಯುತ್ತೆ, ಜಾಸ್ತಿ ಕತ್ತರಿಸಿದರೆ ಕಾಮೆಂಟೇಟರ್ ಬಿಂದಿಗೆಯೊಳಗಿಂದ ಮಾತಾಡಿದ ಹಾಗಿರುತ್ತೆ. ಸಾಲದ್ದಕ್ಕೆ ಸಾವಿರಾರು ಜನ ಊದುವಾಗ ಎಲ್ಲರದ್ದೂ ಸರಿಯಾಗಿ 235 ಇರೋದಿಲ್ಲ. ಒಬ್ಬನದ್ದು 230, ಇನ್ನೊಬ್ಬನದ್ದು 240. ಗೆರೆಯಂತೆ ಇರಬೇಕಾದ ಸ್ವರ ಪಟ್ಟಿಯಂತೆ ಅಗಲ ಆಗುತ್ತೆ.

ಇನ್ನೊಂದು ವೆಬ್‌ಸೈಟ್ ಮೂರು ಯೂರೋ ಹತ್ತಿರ ತಗೊಂಡು ಒಂದು ಎಂಪಿ3 ಮಾರ್ತಿತ್ತು. ಮ್ಯಾಚ್ ನೋಡುವಾಗ ಇದನ್ನ ಪಕ್ಕದಲ್ಲಿ ಹಾಕಿ, ಉಲ್ಟಾ ಅಲೆ ಬಂದು ವುವುಝೆಲಾವನ್ನ ಹೊಡೆದು ಹಾಕುತ್ತೆ ಅಂತ. ತತ್ವ ನಿಜ, ನಮ್ಮ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೆಲಸ ಮಾಡೋದು ಹಾಗೇ. ಆದರೆ ಹೆಡ್‌ಫೋನ್‌ನ ಮೈಕ್ ಕಿವಿಯ ಹತ್ತಿರವೇ ಕೂತು, ಬರ್ತಿರೋ ಅಲೆಯನ್ನ ಆ ಕ್ಷಣವೇ ಅಳೆದು, ತಕ್ಕ ಉಲ್ಟಾ ಅಲೆ ಕಳಿಸುತ್ತೆ. ಮೊದಲೇ ರೆಕಾರ್ಡ್ ಮಾಡಿದ ಎಂಪಿ3ಗೆ ಸ್ಟೇಡಿಯಂನಲ್ಲಿ ಯಾರು ಯಾವಾಗ ಊದಿದರು ಅಂತ ಹೇಗೆ ಗೊತ್ತಾಗಬೇಕು? 235 ಹರ್ಟ್ಸ್ ಶಬ್ದದ ಅಲೆ ಗಾಳಿಯಲ್ಲಿ ಸುಮಾರು ಒಂದೂವರೆ ಮೀಟರ್ ಉದ್ದ. ಎಲ್ಲೋ ಅದೃಷ್ಟಕ್ಕೆ ಎರಡು ಅಲೆ ಒಂದನ್ನೊಂದು ನುಂಗಿದರೂ, ನೀವು ಸೋಫಾದಲ್ಲಿ ಒಂದು ಮೊಳ ಜರುಗಿದರೆ ಲೆಕ್ಕ ತಪ್ಪಿತು. ಮೂರು ಯೂರೋ ಕೊಟ್ಟವನಿಗೆ ಸಿಕ್ಕಿದ್ದು ಇನ್ನೊಂದು ವುವುಝೆಲಾ.

ನಿಜವಾಗಿ ಪ್ರಯೋಜನಕ್ಕೆ ಬಂದದ್ದು ಹಳೇ ವಿದ್ಯೆ. ಕಾಮೆಂಟೇಟರ್‌ಗಳು ಮೇಲ್ತುಟಿಗೆ ಒತ್ತಿ ಹಿಡಿಯೋ ಒಂದು ಮೈಕ್ ನೋಡಿರಬಹುದು, 1930ರ ದಶಕದಲ್ಲಿ ಬಿಬಿಸಿ ರೂಪಿಸಿದ ಮಾದರಿ ಅದು. ಬಾಯಿಗೆ ಹತ್ತಿರದ ಶಬ್ದ ಹಿಡಿಯುತ್ತೆ, ದೂರದ್ದನ್ನ ಬಿಡುತ್ತೆ. ಸ್ಟೇಡಿಯಂನ ಶಬ್ದ, ಮಾತಿನ ಶಬ್ದ ಎರಡೂ ಬೇರೆ ಬೇರೆ ತಂತಿಯಲ್ಲಿ ಬರ್ತವೆ. ಸ್ಟೇಡಿಯಂನದ್ದನ್ನ ತಗ್ಗಿಸಿ, ಅದಕ್ಕೆ ಮಾತ್ರ ಫಿಲ್ಟರ್ ಹಾಕಿದರೆ ಮಾತು ಉಳಿಯುತ್ತೆ. ಟೀವಿಯವರ ಸಮಸ್ಯೆ ಹೀಗೆ ಮುಕ್ಕಾಲು ಪಾಲು ಮುಗೀತು.

ಸ್ಟೇಡಿಯಂ ಒಳಗಿದ್ದವರದ್ದು?

ಪ್ರಿಟೋರಿಯಾ ಯೂನಿವರ್ಸಿಟಿಯ ಶ್ರವಣತಜ್ಞ ಡಿ ವೆಟ್ ಸ್ವಾನೆಪೂಲ್ ಮತ್ತು ಜೊತೆಗಾರರು ವರ್ಲ್ಡ್ ಕಪ್‌ಗೆ ಮುಂಚೆಯೇ ಇದನ್ನ ಅಳೆದಿದ್ದರು. ವುವುಝೆಲಾದ ಬಾಯಿಯ ಹತ್ತಿರ 131 ಡೆಸಿಬೆಲ್. ಎರಡು ಮೀಟರ್ ದೂರದಲ್ಲಿ, ಅಂದರೆ ನಿಮ್ಮ ಹಿಂದಿನ ಸಾಲಿನವನು ಊದಿದರೆ, 113. ಒಂದು ಮ್ಯಾಚ್‌ಗೆ 11 ಪ್ರೇಕ್ಷಕರನ್ನ ಕಳಿಸಿ ಮುಂಚೆ, ಆಮೇಲೆ ಕಿವಿ ಪರೀಕ್ಷೆ ಮಾಡಿದರು. ಸರಾಸರಿ ಶಬ್ದ 100 ಡೆಸಿಬೆಲ್‌ಗೂ ಮೇಲಿತ್ತು. ಮ್ಯಾಚ್ ಆದಮೇಲೆ ಅವರಿಗೆ ಕೇಳಿಸೋದು ಅಳತೆಗೆ ಸಿಗುವಷ್ಟು ಕಡಿಮೆಯಾಗಿತ್ತು.

11 ಜನ ಅಂದರೆ ಸಣ್ಣ ಅಧ್ಯಯನವೇ. ಆದರೆ ಲೆಕ್ಕ ಹೊಸದೇನಲ್ಲ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಟೈಮ್ ಅರ್ಧ ಆಗುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2, ಹೀಗೇ ಇಳಿಸ್ತಾ ಹೋದರೆ 100ಕ್ಕೆ ಬರೀ 15 ನಿಮಿಷ. ಕಿಕ್ ಆಫ್ ಆಗಿ ಹದಿನಾರನೇ ನಿಮಿಷಕ್ಕೆ ಫ್ಯಾಕ್ಟರಿಯಾಗಿದ್ದರೆ ಕೆಲಸಗಾರನನ್ನ ಹೊರಗೆ ಕಳಿಸಬೇಕಿತ್ತು. ಇಲ್ಲಿ ಇನ್ನೂ ಮುಕ್ಕಾಲು ಗಂಟೆಗಿಂತ ಹೆಚ್ಚು ಆಟ, ಮಧ್ಯದಲ್ಲಿ ಹಾಫ್ ಟೈಮ್ ಬೇರೆ.

ವಾನ್ ಸ್ಕಾಲ್ಕ್‌ವಿಕ್ ಇದಕ್ಕೆ ಒಂದು ಪರಿಹಾರ ಹೇಳಿದರು. ಊದುವ ತುದಿಯನ್ನ ಬದಲಿಸಿದ್ದೀವಿ, ಹೊಸದರ ಶಬ್ದ 20 ಡೆಸಿಬೆಲ್ ಕಮ್ಮಿ ಅಂತ. ಮೂರಕ್ಕೊಂದರಂತೆ ಟೈಮ್ ಅರ್ಧ ಆಗೋ ಲೆಕ್ಕ ಹಾಕಿದರೆ 20 ಡೆಸಿಬೆಲ್ ಅಂದರೆ ಬಹಳ ದೊಡ್ಡ ವ್ಯತ್ಯಾಸ, 100 ಇದ್ದದ್ದು 80ಕ್ಕೆ ಬರುತ್ತೆ. ಕಿವಿಗೆ ನಿಜವಾಗಿ ಸಹಾಯ ಮಾಡಬಹುದಾಗಿದ್ದ ಉಪಾಯ ಅದು. ಆದರೆ ಎದುರಾಳಿ ಅಭಿಮಾನಿಯ ಕೈಲಿ ಜೋರು ಪೀಪಿ ಇರುವಾಗ ಮೆಲ್ಲಗೆ ಕೂಗೋ ಪೀಪಿಯನ್ನ ದುಡ್ಡು ಕೊಟ್ಟು ಯಾರು ಕೊಳ್ತಾರೆ? ಗಣಪತಿ ಹಬ್ಬದಲ್ಲಿ ಪುಣೆಯ ಬೀದಿಯಲ್ಲಿ ಪಿಪಾಣಿ ಕೊಳ್ಳೋ ಹುಡುಗನನ್ನ ಕೇಳಿ ನೋಡಿ. ಎಲ್ಲರಿಗೂ ಕಡ್ಡಾಯ ಅಂತ ಫಿಫಾ ಒಂದು ಸಾಲು ನಿಯಮ ಬರೆದಿದ್ದರೆ ಬೇರೆ ಮಾತು. ಅದು ಬರೆಯಲಿಲ್ಲ. ಊದುವ ಹಕ್ಕನ್ನ ಉಳಿಸಿಕೊಂಡೇ ಶಬ್ದ ತಗ್ಗಿಸುವ ದಾರಿ ಕಣ್ಣೆದುರಿಗಿತ್ತು. ಬ್ಯಾನ್ ಬೇಕು, ಬೇಡ ಅನ್ನೋ ಎರಡೂ ಬಣಕ್ಕೆ ಅದು ರುಚಿಸಲಿಲ್ಲ ಅನಿಸುತ್ತೆ.

ವರ್ಲ್ಡ್ ಕಪ್ ಮುಗಿದ ಎರಡೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಯುರೋಪಿನ ಯುಇಎಫ್‌ಎ ತನ್ನ ಎಲ್ಲ ಟೂರ್ನಿಗಳಲ್ಲೂ ವುವುಝೆಲಾ ಬ್ಯಾನ್ ಮಾಡಿತು. ಕಾರಣ ಏನು ಕೊಟ್ಟರು ನೋಡಿ: ನಮ್ಮಲ್ಲಿ ಅಭಿಮಾನಿಗಳು ಹಾಡ್ತಾರೆ, ಘೋಷಣೆ ಕೂಗ್ತಾರೆ, ಈ ಶಬ್ದ ಅದನ್ನ ಮುಳುಗಿಸುತ್ತೆ, ಅದು ನಮ್ಮ ಫುಟ್‌ಬಾಲ್ ಸಂಸ್ಕೃತಿಗೆ ಹೊಂದೋದಿಲ್ಲ. ಬ್ಲಾಟರ್ ಉಳಿಸಿದ್ದೂ ಸಂಸ್ಕೃತಿಯ ಹೆಸರಲ್ಲಿ, ಇವರು ತೆಗೆದದ್ದೂ ಸಂಸ್ಕೃತಿಯ ಹೆಸರಲ್ಲಿ. 131 ಡೆಸಿಬೆಲ್ ಇಬ್ಬರ ಮಾತಲ್ಲೂ ಮುಖ್ಯ ಕಾರಣವಾಗಿ ಬರಲಿಲ್ಲ. ವಿಂಬಲ್ಡನ್ ಆ ವರ್ಷವೇ ಬಾಗಿಲು ಹಾಕಿತ್ತು, ಮರುವರ್ಷದ ರಗ್ಬಿ ವರ್ಲ್ಡ್ ಕಪ್‌ನವರೂ ಬೇಡ ಅಂದರು.

2014ರ ವರ್ಲ್ಡ್ ಕಪ್‌ಗೆ ಬ್ರೆಜಿಲ್ ಬುದ್ಧಿವಂತಿಕೆ ಮಾಡಿತು. ಸಂಗೀತಗಾರ ಕಾರ್ಲಿನ್ಯೋಸ್ ಬ್ರೌನ್ ಕೈಯಲ್ಲಿ ಕಶಿರೋಲಾ ಅನ್ನೋ ಗಿಲಕಿ ಮಾಡಿಸಿದರು. ಅಲ್ಲಾಡಿಸಿದರೆ ಸರಸರ ಅನ್ನೋ ಮೆತ್ತಗಿನ ಶಬ್ದ, ವುವುಝೆಲಾದ ಹತ್ತಿರಕ್ಕೂ ಬರೋದಿಲ್ಲ. 2013ರ ಏಪ್ರಿಲ್‌ನಲ್ಲಿ ಸಾಲ್ವಡೋರ್ ನಗರದ ಬಹಿಯಾ–ವಿಟೋರಿಯಾ ಮ್ಯಾಚ್‌ನಲ್ಲಿ ಪ್ರೇಕ್ಷಕರಿಗೆ ಹಂಚಿದರು. ಸಿಟ್ಟಿಗೆದ್ದ ಅಭಿಮಾನಿಗಳು ಅದನ್ನ ಅಲ್ಲಾಡಿಸೋದು ಬಿಟ್ಟು ನೂರಾರು ಸಂಖ್ಯೆಯಲ್ಲಿ ಮೈದಾನಕ್ಕೆ ಎಸೆದರು. ಅದೂ ಬ್ಯಾನ್ ಆಯ್ತು, ಈ ಸಲ ಕಾರಣ ತಲೆಗೆ ಬೀಳುತ್ತೆ ಅಂತ. ಸೊವೆಟೊದಲ್ಲಿ ಮಾತ್ರ ಚೀಫ್ಸ್ ಮತ್ತು ಪೈರೇಟ್ಸ್ ಆಡುವ ದಿನ ಈಗಲೂ ವುವುಝೆಲಾ ಊದ್ತಾರೆ.