ಮಾರ್ಮನ್ ಪಂಥ, ಕರ್ನಾಟಕದಲ್ಲಿ

ಮಾರ್ಮನ್ ಪಂಥವೆಂದು ಜನ ಕರೆಯುವ ‘ಅಂತ್ಯದಿನಗಳ ಸಂತರ ಯೇಸು ಕ್ರಿಸ್ತ ಸಭೆ’ಯನ್ನು ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ. ಬೈಬಲ್ಲಿನ ಜೊತೆಗೆ ಮಾರ್ಮನ್ ಗ್ರಂಥವನ್ನೂ ದೈವವಾಣಿಯೆಂದು ನಂಬುವ ಈ ಸಭೆಯನ್ನು ಹೆಚ್ಚಿನ ಕ್ರೈಸ್ತ ಸಭೆಗಳು ತಮ್ಮ ಪಂಕ್ತಿಗೆ ಸೇರಿಸುವುದಿಲ್ಲ. ಕರ್ನಾಟಕದಲ್ಲಿ ಇದರ ನೆಲೆ ಬೆಂಗಳೂರು.

ದಕ್ಷಿಣ ಭಾರತಕ್ಕೆ ಈ ಪಂಥದ ಬೋಧಕರು ಮೊದಲು ಬಂದದ್ದು 1853ರಲ್ಲಿ. ಆ ವರ್ಷ ಕಲ್ಕತ್ತೆಯಲ್ಲಿ ಇಳಿದ ತಂಡದಿಂದ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್, ರಾಬರ್ಟ್ ಓವೆನ್ಸ್ ಮದರಾಸಿಗೆ ತೆರಳಿದರು. ದೇಶಭಾಷೆ ಬಾರದ ಇವರು ಹೆಚ್ಚಾಗಿ ಮಾತಾಡಿದ್ದು ಬ್ರಿಟಿಷ್ ಸೈನಿಕರ ಬಳಿ, ಇತರ ಯುರೋಪಿಯನ್ನರ ಬಳಿ. ಪಂಥದಲ್ಲಿ ಬಹುಪತ್ನಿತ್ವ ಉಂಟೆಂದು 1852ರಲ್ಲಿ ಬಹಿರಂಗವಾಗಿ ಸಾರಿದ ಸುದ್ದಿ ಇಲ್ಲಿಗೂ ತಲುಪಿ, ತೆರೆಯಬಹುದಾಗಿದ್ದ ಬಾಗಿಲುಗಳೂ ಮುಚ್ಚಿಕೊಂಡವು. 1856ರ ಹೊತ್ತಿಗೆ ಕೆಲಸ ನಿಂತಿತು. (ಆ ಪದ್ಧತಿಯನ್ನು ಸಭೆ ಕೈಬಿಟ್ಟದ್ದು 1890ರಲ್ಲಿ.)

ಅದೇ ಕಾಲದ ಸ್ವೀಡನ್ನಿನಲ್ಲಿ ಆದದ್ದೇ ಬೇರೆ, ಅಲ್ಲಿ ಬೋಧನೆ ನಂಟರಿಂದಲೇ ಶುರುವಾಯಿತು. ಸ್ವೀಡನ್ನಿನಲ್ಲೇ ಹುಟ್ಟಿ ಅಮೆರಿಕ ಸೇರಿದ್ದ ನಾವಿಕ ಜಾನ್ ಫೋರ್ಸ್‌ಗ್ರೆನ್ 1850ರಲ್ಲಿ ತವರೂರಾದ ಯೆವ್ಲೆಗೆ ಮರಳಿ ಮೊದಲು ದೀಕ್ಷಾಸ್ನಾನ ಕೊಟ್ಟದ್ದು ಸ್ವಂತ ತಮ್ಮನಿಗೆ. ಸರ್ಕಾರ ಅವನನ್ನು ಗಡೀಪಾರು ಮಾಡಿತಾದರೂ ಪಂಥ ಬೆಳೆಯಿತು. ಆದರೆ ಸೇರಿದವರಲ್ಲಿ ಸಾವಿರಾರು ಜನ ಊರು ಬಿಟ್ಟು ಅಮೆರಿಕದಲ್ಲಿ ಪಂಥದ ನೆಲೆಯಾಗಿದ್ದ ಯೂಟಾಗೆ ಹೊರಟುಹೋದದ್ದರಿಂದ ಅಲ್ಲಿನ ಸಭೆ ತೆಳುವಾಗಿಯೇ ಉಳಿಯಿತು.

ಭಾರತದಲ್ಲಿಯೂ ಪಂಥ ಕೊನೆಗೆ ಬೇರುಬಿಟ್ಟದ್ದು ನಂಟಸ್ತನದ ದಾರಿಯಲ್ಲೇ. ಸಮೋವಾ ದ್ವೀಪದಲ್ಲಿದ್ದಾಗ ಮತಾಂತರವಾದ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು ದಂಪತಿ 1978ರಲ್ಲಿ ಹೈದರಾಬಾದಿಗೆ ಬಂದು ಬಂಧುಗಳಿಗೇ ಮೊದಲು ಬೋಧಿಸಿದರು. ಮಾರ್ಮನ್ ಗ್ರಂಥದ ಆಯ್ದ ಭಾಗಗಳು 1980ರ ದಶಕದಲ್ಲಿ ತೆಲುಗು, ತಮಿಳು, ಹಿಂದಿಗಳಲ್ಲಿ ಅಚ್ಚಾದವು. ದೇಶದಲ್ಲಿ ಇಂದಿಗೂ ಇದರ ಬಲ ಹೆಚ್ಚಾಗಿ ತೆಲುಗು ಸೀಮೆಯದು.

ಸಿಂಗಪುರ ಮಿಷನ್ನಿನ ಅಧೀನದಲ್ಲಿದ್ದ ಭಾರತಕ್ಕೆ 1993ರಲ್ಲಿ ಪ್ರತ್ಯೇಕ ಮಿಷನ್ ಸಿಕ್ಕಿತು, ಕೇಂದ್ರ ಬೆಂಗಳೂರು. ಅದರ ಮೊದಲ ಅಧ್ಯಕ್ಷ ಗುರುಚರಣ್ ಸಿಂಗ್ ಗಿಲ್, ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತ ಕಲಿಸುತ್ತಿದ್ದವರು. ವಿದೇಶಿ ಬೋಧಕರಿಗೆ ವೀಸಾ ಸುಲಭವಲ್ಲದ ಕಾರಣ ಭಾರತೀಯ ತರುಣ ತರುಣಿಯರೇ ಹೆಚ್ಚಾಗಿ ಆ ಕೆಲಸ ಹೊರುತ್ತಾರೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ. ಸದಸ್ಯರ ಆದಾಯದ ಹತ್ತನೇ ಒಂದು ಪಾಲು ಸಭೆಗೆ ಸಲ್ಲಬೇಕು. ಮದ್ಯ, ತಂಬಾಕಿನ ಜೊತೆಗೆ ಕಾಫಿ, ಟೀ ಕೂಡ ವರ್ಜ್ಯ. ಬೆಳಗಿನ ಫಿಲ್ಟರ್ ಕಾಫಿಯ ನಾಡಿನಲ್ಲಿ ಈ ಕೊನೆಯ ನಿಯಮವೇ ಹೆಚ್ಚು ಕಠಿಣವೆನ್ನಬೇಕು.

ಪಂಥದಲ್ಲಿ ಭಾನುವಾರದ ಪ್ರಾರ್ಥನೆಯ ಮನೆ ಬೇರೆ, ದೇವಾಲಯ ಬೇರೆ. ಪತಿ ಪತ್ನಿಯರನ್ನು ಅನಂತಕಾಲಕ್ಕೆ ಬೆಸೆಯುವ ವಿಧಿ, ಗತಿಸಿದ ಹಿರಿಯರ ಪರವಾಗಿ ಮಾಡಿಸುವ ದೀಕ್ಷಾಸ್ನಾನ ದೇವಾಲಯದಲ್ಲಿ ಮಾತ್ರ ನಡೆಯುತ್ತವೆ. ಅದಕ್ಕಾಗಿ ಭಾರತದ ಸದಸ್ಯರು ಹಾಂಗ್‌ಕಾಂಗ್‌ನಂಥ ದೂರದ ಊರುಗಳಿಗೆ ಹೋಗಬೇಕಿತ್ತು. ಸಭೆಯ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರ ಏಪ್ರಿಲ್‌ನಲ್ಲಿ ದೇಶದ ಮೊದಲ ದೇವಾಲಯವನ್ನು ಬೆಂಗಳೂರಿಗೆ ಘೋಷಿಸಿದರು. 2020ರ ಡಿಸೆಂಬರ್ 2ರಂದು ಗುದ್ದಲಿ ಪೂಜೆಯಾಯಿತು.